ಹಳೆಯದು ಅಮ್ಮನಿಗೆ

ನಮ್ಮ ಮನೆಯಲ್ಲಿ ವಸ್ತುಗಳು ಕೈಯಿಂದ ಕೈಗೆ ಇಳಿಯುವುದಕ್ಕೆ ಒಂದು ದಾರಿಯಿದೆ. ಯಾರೂ ಕೂತು ಗೊತ್ತುಮಾಡಿದ್ದಲ್ಲ. ನೀರು ತಗ್ಗಿನ ಕಡೆಗೆ ಹರಿದ ಹಾಗೆ ತಾನಾಗಿ ಆದದ್ದು. ಮಗನಿಗೆ ಹೊಸ ಮೊಬೈಲು ಬಂದರೆ ಅವನ ಹಳೆಯದು ಅವರಪ್ಪನಿಗೆ, ಅವರಪ್ಪನ ಹಳೆಯದು ನನಗೆ. ಬೆಳಗಿನ ಉಪ್ಪಿಟ್ಟು ಮಿಕ್ಕರೆ ಮಧ್ಯಾಹ್ನ ಅದು ಯಾರ ತಟ್ಟೆಗೆ ಬೀಳುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಕಂಪ್ಯೂಟರು ನನ್ನ ಬಳಿಗೆ ಬಂದದ್ದೂ ಇದೇ ದಾರಿಯಲ್ಲಿ. 2016ರಲ್ಲಿ ಮಗ ಇಂಜಿನಿಯರಿಂಗ್ ಸೇರಿದಾಗ ಕೊಂಡ ಲ್ಯಾಪ್‌ಟಾಪು ಅದು. 2020ರಲ್ಲಿ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ, ಆಫೀಸಿನವರೇ ಹೊಸದೊಂದನ್ನು ಕೊಟ್ಟರು. "ಇದು ನೀನೇ ಇಟ್ಕೋ ಅಮ್ಮ" ಎಂದು ಹಳೆಯದನ್ನು ಊಟದ ಮೇಜಿನ ಮೇಲಿಟ್ಟು ಹೋದ.

ನನಗೆ ಅದರಿಂದ ಬೇಸರವಾಯಿತೆಂದು ತಿಳಿಯಬೇಡಿ. ಸಂತೋಷವೇ ಆಯಿತು. ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದ ಉಳಿತಾಯ, ಸಾಲ, ಬಡ್ಡಿಯ ಲೆಕ್ಕವೆಲ್ಲ ನನ್ನ ಪಾಲಿನ ಕೆಲಸ. ಮೊದಲು ಅದನ್ನು ಉದ್ದನೆಯ ರೂಲು ಪುಸ್ತಕದಲ್ಲಿ ಬರೆಯುತ್ತಿದ್ದೆ. ಈಗ ಕಂಪ್ಯೂಟರಿನ ಚೌಕಗಳಲ್ಲಿ ತುಂಬಿದೆ. ಆಗೊಮ್ಮೆ ಈಗೊಮ್ಮೆ ಪತ್ರಿಕೆಗೊಂದು ಲೇಖನ ಬರೆದೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಊಟದ ಮೇಜಿನ ಒಂದು ಮೂಲೆಯಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಸಂಜೆಯ ಕಾಫಿಯವರೆಗೆ ನನ್ನದೇ ಲೋಕ. ಒಂದೇ ಕೊರತೆಯೆಂದರೆ ಅದರ ನಿಧಾನ. ಸ್ವಿಚ್ಚು ಒತ್ತಿ, ಹಾಲನ್ನು ಒಲೆಯ ಮೇಲಿಟ್ಟು ಬಂದರೆ, ಹಾಲು ಮೊದಲು ಉಕ್ಕುತ್ತದೋ ಪರದೆ ಮೊದಲು ಬೆಳಗುತ್ತದೋ ಎಂದು ನೋಡುವುದು ನನಗೊಂದು ಆಟವಾಗಿತ್ತು. ಬಹುಪಾಲು ಹಾಲೇ ಗೆಲ್ಲುತ್ತಿತ್ತು.

2025ರ ಅಕ್ಟೋಬರಿನಲ್ಲಿ ಪರದೆಯ ಮೇಲೊಂದು ಸೂಚನೆ ಕಾಣಿಸಿಕೊಂಡಿತು. ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಂಡೋಸ್ 10ರ ಕಾಲ ಅಕ್ಟೋಬರ್ 14ಕ್ಕೆ ಮುಗಿಯಿತು ಎಂದು ಅದರ ಸಾರಾಂಶ. ಕಂಪ್ಯೂಟರು ಅಂದೇ ನಿಂತುಹೋಗುವುದೇನಿಲ್ಲ. ಆದರೆ ಹೊಸ ಹೊಸ ಕಳ್ಳದಾರಿಗಳು ಪತ್ತೆಯಾದಾಗ ಅವನ್ನು ಮುಚ್ಚುವ ತೇಪೆಗಳು ಇನ್ನು ಎಂದಿನಂತೆ ಬರುವುದಿಲ್ಲ. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರಿನವರೆಗೆ ಮಾತ್ರ ಅವಕಾಶ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡಿರಬೇಕು, ಕಂಪನಿ ಒಪ್ಪಿದ ಪಟ್ಟಿಯಲ್ಲಿ ನಮ್ಮ ಪ್ರೊಸೆಸರಿನ ಹೆಸರಿರಬೇಕು. 2016ರ ನನ್ನ ಯಂತ್ರದ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಅದರ ಕೀಲಿಗಳು ಸವೆದಿರಲಿಲ್ಲ, ಪರದೆ ಮಂಕಾಗಿರಲಿಲ್ಲ. ಆದರೂ ಅದಕ್ಕೆ ನಿವೃತ್ತಿಯ ದಿನ ಬಂದಿತ್ತು.

ಇವರು ನನ್ನನ್ನು ಪೇಟೆಯ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿದ್ದ ಹುಡುಗ ಲ್ಯಾಪ್‌ಟಾಪನ್ನು ತೆರೆಯಲೂ ಇಲ್ಲ. ತಿರುಗಿಸಿ ಅಡಿಯ ಚೀಟಿ ನೋಡಿ, "ಇದು ಸತ್ತ ಹಾಗೇ ಲೆಕ್ಕ ಮೇಡಂ" ಎಂದ. ಐವತ್ತೈದು ಸಾವಿರದ್ದೊಂದನ್ನು ತೋರಿಸಿ, ಹದಿನಾರು ಜಿಬಿ, ಐನೂರ ಹನ್ನೆರಡು ಜಿಬಿ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಇವರು ತಲೆಯಾಡಿಸುತ್ತಿದ್ದರು. ನನಗೆ ವಿಚಿತ್ರವೆನಿಸಿದ್ದು ಒಂದೇ. ನಾನು ಕುಕ್ಕರು ಕೊಳ್ಳಲು ಹೋದರೆ ಅಂಗಡಿಯವನು ಮೊದಲು ಕೇಳುವುದು "ಮನೇಲಿ ಎಷ್ಟು ಜನ ಅಮ್ಮ?" ಎಂದು. ಇಬ್ಬರಿರುವ ಮನೆಗೆ ಹತ್ತು ಲೀಟರಿನ ಕುಕ್ಕರು ಕಟ್ಟಿಕೊಡುವುದಿಲ್ಲ. ಇಲ್ಲಿ ಮಾತ್ರ ನಾನು ಇದರಲ್ಲಿ ಏನು ಮಾಡುತ್ತೇನೆಂದು ಯಾರೂ ಕೇಳಲಿಲ್ಲ. ಅಂಗಡಿಯ ಹುಡುಗ ಕೇಳಲಿಲ್ಲ, ಇವರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಅಂದು ರಾತ್ರಿ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪಟ್ಟಿ ಮಾಡಿದೆ. ಸಂಘದ ಲೆಕ್ಕ. ಕನ್ನಡದಲ್ಲಿ ಬರವಣಿಗೆ. ಪತ್ರ ಕಳಿಸುವುದು. ಶಿವಮೊಗ್ಗದ ತಂಗಿಯೊಡನೆ ಮುಖ ನೋಡಿಕೊಂಡು ಮಾತು. ಕರೆಂಟು ಬಿಲ್ಲು, ಬ್ಯಾಂಕು. ಹಳೆಯ ಹಾಡು. ಇಷ್ಟೇ. ದಿನಕ್ಕೆ ನಾಲ್ಕು ಗಂಟೆ. ಬರೆದು ನೋಡಿದರೆ ನನಗೆ ಬೇಕಾದದ್ದು ಮೂರು ಲೀಟರಿನ ಕುಕ್ಕರು.

ನಮ್ಮ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ರಿಪೇರಿ ಮಳಿಗೆಯಿದೆ. ಅಲ್ಲಿಯ ಹುಡುಗನಿಗೆ ಆ ಪಟ್ಟಿಯನ್ನೇ ಕೊಟ್ಟೆ. ಅವನು ಓದಿ ನಕ್ಕು, ಯಂತ್ರವನ್ನು ಬಿಚ್ಚಿ ತೋರಿಸಿದ. ಅವನು ಹೇಳಿದ್ದನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ಪ್ರೊಸೆಸರು ಅಡುಗೆ ಮಾಡುವ ಕೈ. ರ್‍ಯಾಮು ಅಡುಗೆಮನೆಯ ಕಟ್ಟೆ. ಡಿಸ್ಕು ಉಗ್ರಾಣ. ಆಪರೇಟಿಂಗ್ ಸಿಸ್ಟಂ ಎಂಬುದು ಯಾವ ಪಾತ್ರೆ ಎಲ್ಲಿರಬೇಕು, ಯಾವ ಒಲೆ ಯಾರಿಗೆ ಎಂದು ಗೊತ್ತುಮಾಡುವ ಮನೆಯ ಹಿರಿಯಳು. ನನ್ನ ಯಂತ್ರದಲ್ಲಿ ಕೈ ಚುರುಕಾಗಿಯೇ ಇತ್ತು. ಕಟ್ಟೆ ಮಾತ್ರ ಕಿರಿದು, ನಾಲ್ಕೇ ಜಿಬಿ. ಒಂದು ಪಾತ್ರೆ ಇಡಲು ಇನ್ನೊಂದನ್ನು ಉಗ್ರಾಣಕ್ಕೆ ಸಾಗಿಸಬೇಕು. ಉಗ್ರಾಣವೋ ಅಟ್ಟದ ಮೇಲೆ! ಹಳೆಯ ಹಾರ್ಡ್‌ಡಿಸ್ಕಿನೊಳಗೆ ಒಂದು ತಟ್ಟೆ ಸುತ್ತುತ್ತಿರುತ್ತದೆ, ಗ್ರಾಮೋಫೋನಿನ ಮುಳ್ಳಿನಂಥದೊಂದು ಅದರ ಮೇಲೆ ಓಡಾಡಿ ಬೇಕಾದ್ದನ್ನು ಹುಡುಕುತ್ತದೆ. ಆ ಓಡಾಟದಲ್ಲೇ ನನ್ನ ಹಾಲು ಉಕ್ಕುತ್ತಿದ್ದದ್ದು. ಅದರ ಬದಲು ಸುತ್ತುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಉಗ್ರಾಣ ಕೈಗೆಟುಕುವ ಗೂಡಿಗೆ ಬಂದ ಹಾಗೆ. ಇನ್ನೊಂದು ನಾಲ್ಕು ಜಿಬಿ ಸೇರಿಸಿದರೆ ಕಟ್ಟೆ ಇಮ್ಮಡಿ. ಎಲ್ಲ ಸೇರಿ ಮೂರು ಸಾವಿರದ ಇನ್ನೂರು ರೂಪಾಯಿ.

"ಮನೆಯ ಹಿರಿಯಳು ಯಾರು ಹಾಗಾದರೆ?" ಎಂದೆ. "ಲಿನಕ್ಸ್ ಮಿಂಟ್ ಹಾಕೋಣ ಆಂಟಿ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ. ಹಿಡಿಸಿದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ತೆಗೆದ್ರಾಯ್ತು" ಎಂದ. ಮದುವೆಗೆ ಮೊದಲು ಸೊಸೆಯನ್ನು ಹತ್ತು ದಿನ ಮನೆಗೆ ಕರೆತಂದು ನೋಡುವ ಅನುಕೂಲ ಇಲ್ಲಿ ಮಾತ್ರವೇ ಇದ್ದೀತು.

ಲಿನಕ್ಸಿನ ಕಥೆ ಕೇಳಿದಾಗ ನನಗೆ ನೆನಪಾದದ್ದು ಹೆಪ್ಪು. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದರೆ ನಮ್ಮ ಪಾತ್ರೆ ತುಂಬ ಮೊಸರು. ಕೊಟ್ಟವರ ಮನೆಯ ಮೊಸರೇನೂ ಕಡಿಮೆಯಾಗುವುದಿಲ್ಲ. ನಾಳೆ ನಮ್ಮಿಂದ ಇನ್ನೊಬ್ಬರಿಗೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್, ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಹಂಚಬಹುದಾದ ತಂತ್ರಾಂಶ ಕಟ್ಟುತ್ತೇನೆಂದು ಹೊರಟರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಇಪ್ಪತ್ತೊಂದರ ಹುಡುಗ ಲೀನಸ್ ಟೋರ್ವಾಲ್ಡ್ಸ್ ಅದಕ್ಕೊಂದು ತಿರುಳನ್ನು ಬರೆದು ಎಲ್ಲರ ಮುಂದಿಟ್ಟ. ಅಂದಿನಿಂದ ಸಾವಿರಾರು ಮಂದಿ ಅದಕ್ಕೆ ಕೈ ಸೇರಿಸಿದ್ದಾರೆ. ಅದರಿಂದ ಹುಟ್ಟಿದ ಅನೇಕ ಮನೆತನಗಳಲ್ಲಿ ಮಿಂಟ್ ಒಂದು. ಎರಡು ಜಿಬಿ ರ್‍ಯಾಮಿದ್ದರೂ ಅದು ನಡೆಯುತ್ತದೆ, ನಾಲ್ಕಿದ್ದರೆ ಹಾಯಾಗಿರುತ್ತದೆ. ಅದರಲ್ಲೇ ಎಕ್ಸ್‌ಎಫ್‌ಸಿಇ ಎಂಬ ಹಗುರ ಬಗೆಯೂ ಇದೆ. ನನ್ನ ಯಂತ್ರಕ್ಕೆ ಅದೇ ಬಂತು. ಈಗ ಹಾಲು ಬಿಸಿಯಾಗುವ ಮೊದಲೇ ಪರದೆ ಬೆಳಗುತ್ತದೆ.

ಎಲ್ಲ ಸಲೀಸಾಯಿತು ಎಂದರೆ ಸುಳ್ಳಾದೀತು. ನಾನು ಬರೆದದ್ದೆಲ್ಲ ನುಡಿಯ ಹಳೆಯ ಅಕ್ಷರಶೈಲಿಯಲ್ಲಿತ್ತು. ಆ ಕಾಲದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಕಡೆ ತೆರೆದರೆ ಬರೇ ಕಾಗೆಕಾಲು ಗುಬ್ಬಿಕಾಲು. ಐದು ವರ್ಷದ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ, ಅಲ್ಲಲ್ಲಿ ಕೆಟ್ಟ ಒತ್ತಕ್ಷರಗಳನ್ನು ಕೈಯಲ್ಲೇ ತಿದ್ದಲು ಎರಡು ವಾರ ಹಿಡಿಯಿತು. ಕೆ.ಪಿ. ರಾವ್ ಅವರ ಯೋಚನೆಯಿಂದ ಬಂದ ಆ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಸಿಕ್ಕಿದ್ದರಿಂದ ಬೆರಳುಗಳು ಮಾತ್ರ ದಾರಿ ತಪ್ಪಲಿಲ್ಲ. ಪ್ರಿಂಟರು ಮೂರು ದಿನ ಮುನಿಸಿಕೊಂಡು ಆಮೇಲೆ ಒಲಿಯಿತು.

ಈ ಪರದಾಟದ ನಡುವೆ ಒಂದು ಸಂಜೆ ಸೊಸೆ ಫೋನು ಮಾಡಿದಳು. ಎಲ್ಲ ಕೇಳಿಸಿಕೊಂಡು ಕೊನೆಗೆ ಅಂದಳು: "ಅತ್ತೆ, ನಾವೇ ಹೊಸದು ಕೊಡಿಸ್ತಿದ್ವಲ್ಲ. ನೀವು ಯಾವಾಗಲೂ ಹೀಗೇ. ನಿಮ್ಮ ಎರಡು ವಾರಕ್ಕೆ ಬೆಲೆ ಇಲ್ವಾ? ಇದೇ ಕೆಲಸ ನಿಮ್ಮ ಮಗನಿಗೆ ಹೇಳಿದ್ರೆ ಮಾಡ್ತಿದ್ರಾ?"

ನಾನು "ನನಗೆ ಇದೇ ಸಾಕಮ್ಮ" ಎಂದು ನಕ್ಕು ಫೋನಿಟ್ಟೆ. ಇಟ್ಟ ಮೇಲೆ ನನ್ನ ಮಾತು ನನಗೇ ಬೇರೊಬ್ಬರ ದನಿಯ ಹಾಗೆ ಕೇಳಿಸಿತು. ಅದು ನನ್ನ ಅಮ್ಮನ ದನಿ.

ನಮ್ಮಪ್ಪನಿಗೆ ಹೊಸ ಕನ್ನಡಕ ಬಂದಾಗಲೆಲ್ಲ ಹಳೆಯ ಕನ್ನಡಕ ಅಮ್ಮನಿಗೆ ಬರುತ್ತಿತ್ತು. ಅಕ್ಕಿ ಆರಿಸುವಾಗ, ಸೂಜಿಗೆ ದಾರ ಪೋಣಿಸುವಾಗ ಹಾಕಿಕೊಳ್ಳುತ್ತಿದ್ದಳು. ಕಣ್ಣು ತೋರಿಸೋಣ ಬಾ ಎಂದರೆ "ನನಗೆ ಇದೇ ಸಾಕು ಬಿಡ್ರೇ" ಎನ್ನುವಳು. ಮದುವೆಗೆ ಮೊದಲು ಕಾದಂಬರಿಗಳೆಂದರೆ ಊಟ ಬಿಡುತ್ತಿದ್ದ ಹೆಂಗಸು ಐವತ್ತರ ಮೇಲೆ ಪುಸ್ತಕ ಮುಟ್ಟಲಿಲ್ಲ. ಆಸಕ್ತಿ ಹೋಯಿತೆಂದು ನಾವೆಲ್ಲ ಅಂದುಕೊಂಡೆವು. ಅರವತ್ತನಾಲ್ಕರಲ್ಲಿ ನಾನು ಬಲವಂತವಾಗಿ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ಅಪ್ಪನ ಕನ್ನಡಕವನ್ನು ಯಂತ್ರದಲ್ಲಿಟ್ಟು ನೋಡಿ, "ಇದಕ್ಕೂ ಇವರ ಕಣ್ಣಿಗೂ ಸಂಬಂಧವೇ ಇಲ್ಲ" ಎಂದರು. ಹೊಸ ಕನ್ನಡಕ ಹಾಕಿಕೊಂಡ ದಿನ ಅಮ್ಮ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದಿದಳು. ಹದಿನಾಲ್ಕು ವರ್ಷ ಅವಳು ಓದದೆ ಉಳಿದದ್ದಕ್ಕೆ ನಾವು ಇಟ್ಟಿದ್ದ ಹೆಸರು ಮಿತವ್ಯಯ. ಇನ್ನೂ ದೊಡ್ಡ ಹೆಸರು, ತ್ಯಾಗ.

ಹಾಗಾದರೆ ನನ್ನ ಲ್ಯಾಪ್‌ಟಾಪೂ ಅಪ್ಪನ ಕನ್ನಡಕವೇ? ನಾನು ಭೂಮಿಯ ಮೇಲಿನ ಕಾಳಜಿಯಿಂದ ಹಳೆಯದನ್ನು ಉಳಿಸಿಕೊಂಡೆನೋ, ಹಳೆಯದೇ ನನ್ನ ಪಾಲಿನದು ಎಂಬ ಹುಟ್ಟಿನಿಂದ ಬಂದ ಅಭ್ಯಾಸದಿಂದಲೋ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಹಳೆಯದನ್ನು ಉಳಿಸಿಕೊಳ್ಳುವುದರ ಪರವಾಗಿ ಹೇಳುವುದು ಬೇಕಾದಷ್ಟಿದೆ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022 ಒಂದೇ ವರ್ಷದಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್ನು. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಯ ದಾರಿಗೆ ಹಚ್ಚಿದ್ದೆಂದು ದಾಖಲೆಯಿರುವುದು ನೂರಕ್ಕೆ 22.3ರಷ್ಟು ಮಾತ್ರ. ಉಳಿದದ್ದರಲ್ಲಿ ಎಷ್ಟೋ ದಿಲ್ಲಿಯ ಸೀಲಂಪುರದಂಥ ಕಡೆಗಳಿಗೆ ಸೇರುತ್ತದೆ. ಅಲ್ಲಿ ತಾಮ್ರಕ್ಕಾಗಿ ತಂತಿಗಳನ್ನು ಸುಡುತ್ತಾರೆ, ಲೋಹಕ್ಕಾಗಿ ಹಲಗೆಗಳನ್ನು ಆಮ್ಲದಲ್ಲಿ ಅದ್ದುತ್ತಾರೆ. ಆ ಕೆಲಸದಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ. ನಮ್ಮ ಮನೆಯ ವಸ್ತುಗಳು ಇಳಿದು ಬರುವ ದಾರಿ ನನ್ನಲ್ಲಿಗೇ ಮುಗಿಯಿತೆಂದುಕೊಂಡಿದ್ದೆನಲ್ಲ. ಅದು ಇನ್ನೂ ಕೆಳಗೆ, ನನ್ನ ಹಾಗೆಯೇ ಒಬ್ಬ ಹೆಂಗಸಿನ ಬರಿಗೈಯವರೆಗೆ ಹೋಗುತ್ತದೆ.

ಹೊಸದು ಕರೆಂಟು ಕಡಿಮೆ ತಿನ್ನುತ್ತದಲ್ಲ ಎಂದು ಇವರು ವಾದಿಸಿದರು. ಲೆಕ್ಕ ಹಾಕಿದೆ. ದೊಡ್ಡ ಡಬ್ಬಿಯ ಡೆಸ್ಕ್‌ಟಾಪು ಪರದೆಯೂ ಸೇರಿ ನೂರು ವ್ಯಾಟು ಎಳೆದರೆ ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 12 ಯೂನಿಟ್ಟು. ನನ್ನ ಲ್ಯಾಪ್‌ಟಾಪು ಇಪ್ಪತ್ತೈದು ವ್ಯಾಟು ಎಂದಿಟ್ಟುಕೊಂಡರೂ ಮೂರು ಯೂನಿಟ್ಟು. ಹೊಸ ಲ್ಯಾಪ್‌ಟಾಪಿನಿಂದ ಇನ್ನು ಉಳಿಯುವುದು ಒಂದೋ ಒಂದೂವರೆಯೋ. ಆದರೆ ಒಂದು ಲ್ಯಾಪ್‌ಟಾಪು ತನ್ನ ಆಯುಷ್ಯದಲ್ಲಿ ವಾತಾವರಣಕ್ಕೆ ಸೇರಿಸುವ ಇಂಗಾಲದ ದೊಡ್ಡ ಪಾಲು ಅದು ನಮ್ಮ ಮನೆಗೆ ಬರುವ ಮೊದಲೇ, ಗಣಿಯಲ್ಲಿ, ಕಾರ್ಖಾನೆಯಲ್ಲಿ ಸೇರಿ ಮುಗಿದಿರುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ಯೂನಿಟ್ಟು ಎಣಿಸುತ್ತಿರಲಿಲ್ಲ ಎನ್ನುವುದನ್ನೂ ಒಪ್ಪಿಕೊಳ್ಳಬೇಕು. ಬಿಲ್ಲಿಗೆ ಹೆದರಿ ದೀಪ ಆರಿಸುವುದು ಜಾಣತನ. ಬಿಲ್ಲೇ ಬಾರದಾಗ ಆರಿಸುತ್ತೇವೆಯೇ ಎನ್ನುವುದು ಬೇರೆಯೇ ಪ್ರಶ್ನೆ.

ದಕ್ಷತೆ ಎಂಬ ಮಾತೇ ಸ್ವಲ್ಪ ಮೋಸದ್ದು. 1865ರಲ್ಲಿ ಇಂಗ್ಲೆಂಡಿನ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ ಒಂದು ವಿಚಿತ್ರವನ್ನು ಗುರುತಿಸಿದ: ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡಲು ಕಲಿತಂತೆಲ್ಲ ದೇಶದ ಕಲ್ಲಿದ್ದಲ ಬಳಕೆ ಇಳಿಯಲಿಲ್ಲ, ಏರಿತು. ಕಂಪ್ಯೂಟರಿನ ಕಥೆಯೂ ಅದೇ. ಪಾಸ್ಕಲ್ ಭಾಷೆಯನ್ನು ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲೇ ಎಚ್ಚರಿಸಿದ್ದರು, ಯಂತ್ರ ಎಷ್ಟು ಬೇಗ ಚುರುಕಾಗುತ್ತಿದೆಯೋ ಅದಕ್ಕಿಂತ ಬೇಗ ತಂತ್ರಾಂಶ ಜಡವಾಗುತ್ತಿದೆ ಎಂದು. ಕಟ್ಟೆ ದೊಡ್ಡದಾದಷ್ಟೂ ಪಾತ್ರೆ ಹರಡುವುದು ನಮಗೆ ಗೊತ್ತಿಲ್ಲದ್ದೇ? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದೂ ಇದನ್ನೇ. ಒಗೆಯುವ, ಗುಡಿಸುವ ಯಂತ್ರಗಳು ಬಂದರೂ ಗೃಹಿಣಿಯ ದುಡಿಮೆಯ ಹೊತ್ತು ಕಡಿಮೆಯಾಗಲಿಲ್ಲ. ಬಟ್ಟೆ ಇನ್ನೂ ಬಿಳಿಯಾಗಿರಬೇಕು, ದಿನವೂ ಮಡಿಯಾಗಿರಬೇಕು ಎಂಬ ನಿರೀಕ್ಷೆ ಹೆಚ್ಚಿತು. ಉಳಿದದ್ದು ಎಲ್ಲಿಗೆ ಹೋಗಬೇಕೆಂದು ಮೊದಲೇ ಯೋಚಿಸದಿದ್ದರೆ ಉಳಿತಾಯ ತಾನಾಗಿ ಇನ್ನೊಬ್ಬರ ಪಾಲಾಗುತ್ತದೆ.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ತೇಪೆ ನಿಂತುಹೋದ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅವಧಿ ಮುಗಿದ ಮಾತ್ರೆ ನುಂಗಿದ ಹಾಗೆ; ಅದರಲ್ಲಿ ಸದ್ಗುಣವೇನೂ ಇಲ್ಲ. ಎದುರು ಮನೆಯ ಹುಡುಗಿ ಕಟ್ಟಡಗಳ ನಕ್ಷೆ ಬರೆಯಲು ಕಲಿಯುತ್ತಿದ್ದಾಳೆ. ಅವಳ ಪಾಠಕ್ಕೆ ಬೇಕಾದ ತಂತ್ರಾಂಶ ನನ್ನ ಯಂತ್ರದಲ್ಲಿ ನಡೆಯುವುದಿಲ್ಲ. ಅವಳ ಅಪ್ಪ "ಆಂಟಿ ನೋಡು, ಹಳೇದರಲ್ಲೇ ಎಷ್ಟು ಚೆನ್ನಾಗಿ ಮಾಡ್ತಾರೆ" ಎಂದು ನನ್ನನ್ನು ಉದಾಹರಣೆ ಕೊಟ್ಟಾಗ ನನಗೆ ಅಪ್ಪನ ಕನ್ನಡಕ ಕಣ್ಣಿಗೆ ಕಟ್ಟಿತು. ಅಂದೇ ಹೋಗಿ ಹೇಳಿಬಂದೆ, ಅವಳಿಗೆ ಹೊಸದೇ ಕೊಡಿಸಿ, ಅವಳ ಕೆಲಸಕ್ಕೆ ಅದೇ ಮಿತ, ಎಂದು.

ನಮ್ಮ ಭಾಷೆಯಲ್ಲಿ ಸಾಕು ಎಂಬುದು ಎಂಥ ಮಾತು ನೋಡಿ. ತೃಪ್ತಿಯಾಯಿತು ಎಂದರೆ ಸಾಕು. ಮಗುವನ್ನು, ಹಸುವನ್ನು ಪೊರೆಯುವುದೂ ಸಾಕುವುದೇ. ದಣಿದು ಕುಸಿದಾಗಲೂ ಸಾಕಾಯಿತು ಎನ್ನುತ್ತೇವೆ. ಅಮ್ಮ ಹೇಳಿದ್ದು ಮೊದಲನೆಯ ಸಾಕೆಂದು ನಾವು ತಿಳಿದೆವು. ಅದು ಮೂರನೆಯದಾಗಿತ್ತು. ಕೇಳಿ ಇಲ್ಲವೆನ್ನಿಸಿಕೊಳ್ಳುವುದರ ದಣಿವು. ನನ್ನದು ಯಾವುದೆಂದು ನಾನು ಪರೀಕ್ಷಿಸಿಕೊಂಡೆ. ಹೊಸದು ನನಗೆ ಸಿಗುತ್ತಿತ್ತು, ಕೈಯಲ್ಲಿ ದುಡ್ಡಿತ್ತು. ನನ್ನ ಕೆಲಸ ಯಾವುದೆಂದು ನಾನೇ ಬರೆದು ನೋಡಿದ್ದೆ. ಯಂತ್ರ ಆ ಕೆಲಸವನ್ನು ಕೊರತೆಯಿಲ್ಲದೆ ಮಾಡುತ್ತಿದೆ. ಕಣ್ಣಿಗೆ ಹೊಂದದ ಕನ್ನಡಕವಲ್ಲ ಅದು. ಹೊಸ ಗಾಜು ಹಾಕಿಸಿಕೊಂಡ ಹಳೆಯ ಚೌಕಟ್ಟು. ಎರಡು ವಾರ ಖರ್ಚಾಯಿತು, ನಿಜ. ಆದರೆ ಆ ಎರಡು ವಾರದಲ್ಲಿ ಮನೆಯ ಒಂದು ಯಂತ್ರದ ಒಳಗು ನನಗೆ ಮೊದಲ ಸಲ ತಿಳಿಯಿತು. ಅದನ್ನು ನಾನು ಉಳಿಸಿಕೊಂಡದ್ದಷ್ಟೇ ಅಲ್ಲ, ಸಾಕಿದೆ. ಇಷ್ಟೆಲ್ಲ ಹೇಳಿಕೊಂಡರೂ ಮನಸ್ಸಿನ ಮೂಲೆಯಲ್ಲೊಂದು ಅನುಮಾನ ಉಳಿದೇ ಇತ್ತು.

2026ರ ಸಂಕ್ರಾಂತಿಗೆ ಮಗ ಸೊಸೆ ಬಂದರು. ಎಳ್ಳು ಬೆಲ್ಲ ಹಂಚಿ ಬಂದು ಕೂತಾಗ ಮಗ, "ಅಮ್ಮ, ನನಗೆ ಆಫೀಸಲ್ಲಿ ಹೊಸದು ಕೊಡ್ತಾರಂತೆ. ಈಗಿರೋದನ್ನ ಕಡಿಮೆ ಬೆಲೆಗೆ ತಗೋಬಹುದು. ನಿನಗೆ ತಂದುಕೊಡ್ಲಾ?" ಎಂದ.

"ಬೇಡಪ್ಪ, ನನಗೆ ಇದು ಸಾಕು" ಎಂದೆ.

ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು. "ನಿಜವಾಗ್ಲೂ ಸಾಕಾ ಅತ್ತೆ?" ಎಂದಳು. ಈ ಪ್ರಶ್ನೆಯನ್ನು ನಾವು ಯಾರೂ ಅಮ್ಮನಿಗೆ ಎರಡನೆಯ ಸಲ ಕೇಳಿರಲಿಲ್ಲ.

"ನಿಜವಾಗ್ಲೂ ಸಾಕು" ಎಂದೆ. ಸ್ವಲ್ಪ ತಡೆದು ಹೇಳಿದೆ: "ಆದರೆ ನನಗೊಂದು ಮೇಜು ಬೇಕು. ಬೆನ್ನಿಗೆ ಆನಿಕೆಯಿರೋ ಕುರ್ಚಿ ಬೇಕು. ಆ ಸ್ಟೂಲಿನ ಮೇಲೆ ಕೂತು ಕೂತು ಸೊಂಟ ಹಿಡಿದಿದೆ. ಹೊಸದೇ ಬೇಕು. ಯಾರದ್ದೋ ಹಳೇದು ಬೇಡ."

ಇವರು ಪೇಪರಿನಿಂದ ತಲೆಯೆತ್ತಿದರು. ಮಗ ತನ್ನ ಅಮ್ಮನನ್ನು ಈಗಷ್ಟೇ ಕಂಡವನ ಹಾಗೆ ನೋಡಿದ. ಸೊಸೆ ಎದ್ದು ಅಡುಗೆಮನೆಯ ಡ್ರಾಯರಿನಿಂದ ಹೊಲಿಗೆಯ ಟೇಪು ತಂದು, ಕಿಟಕಿಯ ಪಕ್ಕದ ಗೋಡೆಯನ್ನು ಅಳೆಯಲು ಶುರುಮಾಡಿದಳು.